ಪಾದ ಯಾರ ವಿಭಾಗ?

ನಿನ್ನೆ ಸಂಜೆ ಮಧುಮೇಹ ಸಂಶೋಧನೆಯ ಕುರಿತ ಉಪನ್ಯಾಸಕ್ಕೆ ಹೋಗಿದ್ದೆ. ಒಂದೂವರೆ ಗಂಟೆ ಹೊಸ ಔಷಧಗಳದ್ದೇ ಮಾತು. ಕೊನೆಗೆ ಎದ್ದು ನಿಂತು, ‘ಕಾಲಿನ ಹುಣ್ಣಿನ ಬಗ್ಗೆ ಏನು ನಡೆಯುತ್ತಿದೆ ಸರ್?’ ಎಂದು ಕೇಳಿದೆ. ‘ಅದು ಸರ್ಜರಿಯವರ ವಿಭಾಗ’ ಎಂದು ಹೇಳಿ ಉಪನ್ಯಾಸಕರು ಮುಂದಿನವರತ್ತ ತಿರುಗಿದರು. ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಅಮ್ಮನಿಗೆ ಮಧುಮೇಹ. ಚಪ್ಪಲಿಯೊಳಗೆ ಸೇರಿದ್ದ ಕಲ್ಲಿನ ಚೂರಿನ ಮೇಲೆ ಇಡೀ ದಿನ ಓಡಾಡಿದ್ದಳು. ಮಧುಮೇಹದಿಂದ ನರ ಸತ್ತ ಪಾದ ನೋಯುವುದಿಲ್ಲ. ನೆಲದ ಮೇಲೆ ರಕ್ತದ ಗುರುತು ಕಂಡಾಗಲೇ ತಿಳಿದದ್ದು. ಆರು ತಿಂಗಳಿಗೆ ಮೊಣಕಾಲಿನ ಕೆಳಗೆ ಬಲಗಾಲು ಹೋಯಿತು.

ಈಗ ಈ ಲೆಕ್ಕ ನೋಡಿ. 2002ರಿಂದ 2011ರವರೆಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮಧುಮೇಹದ 22,531 ಯೋಜನೆಗಳಿಗೆ ಹಣ ಕೊಟ್ಟಿತು. ಪಾದದ ಹುಣ್ಣಿಗೆಂದೇ ಇದ್ದವು ಕೇವಲ 33. ಸುಮಾರು 1,185 ಕೋಟಿ ಡಾಲರಿನಲ್ಲಿ ಪಾದದ ಪಾಲಿಗೆ ಬಂದದ್ದು ಸುಮಾರು 72 ಲಕ್ಷ! ಮಧುಮೇಹ ಚಿಕಿತ್ಸೆಯ ನೇರ ಖರ್ಚಿನ ಮೂರನೇ ಒಂದು ಪಾಲು ಕಾಲುಗಳಿಗೇ ಹೋಗುತ್ತದೆಂಬ ಅಂದಾಜಿರುವ ದೇಶದಲ್ಲಿ. ಇದು ಕಂಪನಿಗಳ ದುಡ್ಡಲ್ಲ, ಜನರ ತೆರಿಗೆಯ ದುಡ್ಡು.

ಕಂಪನಿಗಳ ದುಡ್ಡು ಎಲ್ಲಿಗೆ ಹರಿಯುತ್ತದೆಂಬುದು ಗುಟ್ಟೇನಲ್ಲ. 1993ರಿಂದ 2013ರವರೆಗೆ ಸಕ್ಕರೆ ಇಳಿಸುವ ಔಷಧಗಳ ಪ್ರಯೋಗಗಳ ಮೇಲೆ ಬಂದ 3,782 ಪ್ರಬಂಧಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಅದೇ 110 ಲೇಖಕರ ಹೆಸರು. ಅವರಲ್ಲಿ 48 ಮಂದಿ ಔಷಧ ಕಂಪನಿಗಳ ನೌಕರರು. ಪಾದದ ಮೇಲಿನ ಭಾರ ತಪ್ಪಿಸುವ ಪ್ಲಾಸ್ಟರ್, ಸ್ಪರ್ಶ ಉಳಿದಿದೆಯೇ ಎಂದು ಒತ್ತಿ ನೋಡುವ ನೈಲಾನ್ ಎಳೆ, ಇವುಗಳನ್ನು ಮಾರಿ ಯಾರು ಕೋಟಿ ಗಳಿಸುತ್ತಾರೆ?

‘ಸಕ್ಕರೆ ಹತೋಟಿಯಲ್ಲಿದ್ದರೆ ಹುಣ್ಣೇ ಆಗುವುದಿಲ್ಲ, ಹಾಗಾಗಿ ಆ ಸಂಶೋಧನೆಯೂ ಪಾದಕ್ಕೇ ಸಲ್ಲುತ್ತದೆ’ ಎನ್ನುವ ಡಾಕ್ಟರ್ ಗೆಳೆಯರಿದ್ದಾರೆ. ಹತೋಟಿಯಿಂದ ನರ, ಕಣ್ಣು, ಮೂತ್ರಪಿಂಡಗಳಿಗೆ ಒಳ್ಳೆಯದಾಗುತ್ತದೆ, ಒಪ್ಪಿದೆ. ಆದರೆ ಹುಣ್ಣು ಆಗಿಹೋದವರು ಏನು ಮಾಡಬೇಕು? ಇಷ್ಟೊಂದು ಬಗೆಯ ಡ್ರೆಸ್ಸಿಂಗ್‌ಗಳಲ್ಲಿ ಯಾವುದು ಮೇಲು ಎನ್ನುವುದಕ್ಕೂ ಗಟ್ಟಿ ಪುರಾವೆಯಿಲ್ಲ. ಸಕ್ಕರೆಯ ಅಂಕಿ ಹೇಳಿ ಗಾಯದ ಪ್ರಶ್ನೆಯನ್ನು ಮುಚ್ಚಬೇಡಿ.

ನನ್ನ ಮೇಲೂ ಸಿಟ್ಟಿದೆ. ಎಂಟು ವರ್ಷ ಅಮ್ಮನ ಸಕ್ಕರೆಯ ಅಂಕಿಗಳನ್ನು ತಪ್ಪದೆ ಡೈರಿಯಲ್ಲಿ ಬರೆದಿಟ್ಟವನು ನಾನು. ಒಂದು ದಿನವೂ ಅವಳ ಪಾದವನ್ನು ತಿರುಗಿಸಿ ನೋಡಲಿಲ್ಲ. ಮುಂದಿನ ಉಪನ್ಯಾಸಕ್ಕೂ ಹೋಗುತ್ತೇನೆ, ಇದೇ ಪ್ರಶ್ನೆ ಕೇಳುತ್ತೇನೆ. ಈಗ ದಿನವೂ ಮಲಗುವ ಮುಂಚೆ ಟಾರ್ಚ್ ಹಿಡಿದು ಅವಳ ಎಡಗಾಲಿನ ಬೆರಳುಗಳ ಸಂದನ್ನು ಬಿಡಿಸಿ ನೋಡುತ್ತೇನೆ. ‘ಸಾಕು ಬಿಡೋ, ಏನೂ ಆಗಿಲ್ಲ’ ಎನ್ನುತ್ತಾಳೆ. ಅಂದೂ ಅವಳು ಹೇಳಿದ್ದು ಅದನ್ನೇ.