ಮೊದಲು ಬರೆಯಲು ಬಿಡಿ, ಹೋಸ್ಟಿಂಗ್ ಆಮೇಲೆ ಕೊಳ್ಳಲಿ

ಕಳೆದ ಭಾನುವಾರ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಬ್ಲಾಗ್ ಬರವಣಿಗೆಯ ಕಮ್ಮಟವಿತ್ತು. ಹೊಸಬರಿಗೆ ಬ್ಲಾಗ್ ತೆರೆದುಕೊಡುತ್ತೇವೆ ಎಂದು ಕರೆಯೋಲೆಯಲ್ಲಿ ಬರೆದಿದ್ದರಿಂದ ಸಂತೋಷದಿಂದಲೇ ಹೋಗಿದ್ದೆ. ಬಂದವರಲ್ಲಿ ಹೆಚ್ಚಿನವರು ನಿವೃತ್ತ ಶಿಕ್ಷಕರು, ಗೃಹಿಣಿಯರು ಮತ್ತು ಪದವಿ ಓದುತ್ತಿರುವ ಮಕ್ಕಳು. ಬೆಳಗಿನಿಂದ ಸಂಜೆಯವರೆಗೆ ಅವರಿಗೆ ಹೇಳಿಕೊಟ್ಟದ್ದೇನೆಂದರೆ ಡೊಮೈನ್ (ತಾಣದ ಸ್ವಂತ ವಿಳಾಸ) ಎಂದರೇನು, ಹೋಸ್ಟಿಂಗ್ (ತಾಣವನ್ನಿಡಲು ಕೊಳ್ಳುವ ಸರ್ವರಿನ ಜಾಗ) ಎಲ್ಲಿ ಅಗ್ಗ, ಯಾವ ಥೀಮ್ (ಪುಟದ ವಿನ್ಯಾಸ) ಚೆಂದ, ಯಾವ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಸಣ್ಣ ತಂತ್ರಾಂಶ) ಬೇಕೇಬೇಕು, ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವುದು ಹೇಗೆ, ಜಾಹೀರಾತಿನ ದುಡ್ಡು ಯಾವಾಗ ಬರುತ್ತದೆ ಎಂಬುದನ್ನು. ಇಡೀ ದಿನದಲ್ಲಿ ಒಬ್ಬರೂ ಒಂದು ಪ್ಯಾರಾ ಕನ್ನಡ ಬರೆಯಲಿಲ್ಲ. ಅಲ್ಲಿಂದ ಬಂದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ.

ನನ್ನ ಪಕ್ಕದಲ್ಲಿ ಕುಳಿತಿದ್ದವರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ಅವರ ಚೀಲದ ತುಂಬ ಬೈಂಡ್ ಹಾಕಿಸಿದ ನೋಟ್‌ಬುಕ್ಕುಗಳು. ತಾಲ್ಲೂಕಿನ ಕೆರೆಗಳನ್ನು ಒಂದೊಂದಾಗಿ ಸುತ್ತಿ, ಏರಿ ಎಲ್ಲಿಂದ ಎಲ್ಲಿಯವರೆಗಿದೆ, ತೂಬುಗಳು ಎಷ್ಟು, ಕೋಡಿ ಬಿದ್ದ ನೀರು ಮುಂದೆ ಯಾವ ಕೆರೆಗೆ ಹೋಗುತ್ತಿತ್ತು, ಊರಿನ ಕೊನೆಯ ನೀರುಗಂಟಿಯ ಮನೆಯವರು ಈಗ ಏನು ಮಾಡಿಕೊಂಡಿದ್ದಾರೆ ಎಂಬುದನ್ನೆಲ್ಲ ಹಿರಿಯರ ಬಾಯಿಂದ ಕೇಳಿ ಬರೆದಿಟ್ಟುಕೊಂಡಿದ್ದಾರೆ. ಅಂಥವರಿಂದ ಪಿಂಚಣಿ ಜಮೆಯಾಗುವ ಖಾತೆಯ ಎಟಿಎಂ ಕಾರ್ಡ್ ಹೊರತೆಗೆಸಿ, ಒಟಿಪಿ ಕೇಳಿ, ವರ್ಷಗಟ್ಟಲೆಯ ಹೋಸ್ಟಿಂಗ್ ಕೊಡಿಸಿದರು. ಸಂಜೆಯ ಹೊತ್ತಿಗೆ ಅವರಿಗೆ ದಕ್ಕಿದ್ದು ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ತಾನಾಗಿಯೇ ಹಾಕುವ ‘ಹಲೋ ವರ್ಲ್ಡ್’ ಎಂಬ ಬರಹವೊಂದನ್ನು ಬಿಟ್ಟರೆ ಬೇರೇನೂ ಇಲ್ಲದ ಖಾಲಿ ತಾಣ. “ಇದು ನಮ್ಮಂಥವರಿಗಲ್ಲ ಬಿಡಪ್ಪ” ಎಂದು ಮೇಷ್ಟ್ರು ಎದ್ದು ಹೊರಟರು. ಬರೆಯುವ ಮನಸ್ಸಿದ್ದ ಒಬ್ಬರನ್ನು ಕಲಿಸುವ ಹೆಸರಿನಲ್ಲಿಯೇ ಹೊರಗೆ ಕಳುಹಿಸಿದ್ದೇವೆ. ನನ್ನ ದೂರು ಇಷ್ಟೇ, ಇದನ್ನು ಎಷ್ಟು ಸಲವಾದರೂ ಹೇಳುತ್ತೇನೆ.

ವರ್ಡ್‌ಪ್ರೆಸ್ ಒಳ್ಳೆಯ ಸಾಧನವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಒಂದೇ ಹೆಸರಿನಲ್ಲಿ ಎರಡು ವ್ಯವಸ್ಥೆಗಳಿವೆ ಎಂಬ ಮೊದಲ ಮಾತನ್ನೇ ಕಮ್ಮಟದಲ್ಲಿ ಯಾರೂ ಹೇಳಲಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ ಖಾತೆ ತೆರೆದರೆ ಉಚಿತ ವಿಳಾಸ ಸಿಗುತ್ತದೆ, ಸರ್ವರಿನ ಯೋಚನೆಯೇ ಇಲ್ಲ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ ಮಾತ್ರ. ಅದನ್ನು ನಾವೇ ಹೋಸ್ಟಿಂಗ್ ಕೊಂಡು ಅಲ್ಲಿ ಅಳವಡಿಸಿ, ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುತ್ತಾ, ಕನ್ನ ಹಾಕುವವರಿಂದ ಕಾಪಾಡಿಕೊಳ್ಳುತ್ತಾ ಇರಬೇಕು. ಹೊಸಬರಿಗೆ ಈ ಎರಡನೆಯದನ್ನು ಕೊಡುವುದು ನೀರಿಗಿಳಿಯದವನನ್ನು ಮಡುವಿಗೆ ತಳ್ಳಿದಂತೆ. 2018ರ ಡಿಸೆಂಬರ್‌ನಲ್ಲಿ ವರ್ಡ್‌ಪ್ರೆಸ್‌ನ ಐದನೆಯ ಆವೃತ್ತಿ ಬಂದ ಮೇಲೆ ಬರೆಯುವ ಪುಟವೂ ಬದಲಾಗಿದೆ. ಒಂದೊಂದು ಪ್ಯಾರಾವೂ ಒಂದೊಂದು ಬ್ಲಾಕ್ ಆಗಿ, ಎಂಟರ್ ಒತ್ತಿದಾಗಲೆಲ್ಲ ಹೊಸ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಕಾಗದದಲ್ಲಿ ಬರೆದು ರೂಢಿಯಿರುವ ಹಿರಿಯರು ಇಲ್ಲಿ ದಿಕ್ಕುತಪ್ಪುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದಕ್ಕೇ ನಾನು ಬ್ಲಾಗರ್‌ನ ಪರ. 1999ರಲ್ಲಿ ಶುರುವಾಗಿ 2003ರಲ್ಲಿ ಗೂಗಲ್‌ನ ಕೈಸೇರಿದ ಈ ಸೌಲಭ್ಯ ಹಳೆಯದಾಯಿತು ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಜಿಮೇಲ್ ಖಾತೆಯಿದ್ದರೆ ಸಾಕು, ಬ್ಲಾಗಿನ ಹೆಸರು, ವಿಳಾಸ, ಬರೆಯುವವರ ಹೆಸರು ಎಂಬ ಮೂರು ವಿವರ ತುಂಬಿದರೆ ಬರೆಯುವ ಪುಟ ತೆರೆದುಕೊಳ್ಳುತ್ತದೆ. ಕಾರ್ಡ್ ಕೇಳುವುದಿಲ್ಲ, ನವೀಕರಣದ ಗೊಡವೆಯಿಲ್ಲ, ನಿರ್ದೇಶನಗಳನ್ನು ಕನ್ನಡದಲ್ಲಿಯೇ ಇಟ್ಟುಕೊಳ್ಳಬಹುದು. ಮುಂದೆಂದಾದರೂ ಸ್ವಂತ ಡೊಮೈನ್ ಕೊಂಡರೆ ಅದನ್ನು ಇದಕ್ಕೇ ಜೋಡಿಸಬಹುದು. ಕನ್ನಡದ ಬ್ಲಾಗುಗಳು ಬೆಳೆದದ್ದೂ ಇಂಥ ಉಚಿತ ವಿಳಾಸಗಳಲ್ಲಿಯೇ ಅಲ್ಲವೇ? ಪತ್ರಕರ್ತ ಜಿ. ಎನ್. ಮೋಹನ್ ಅವರ ಸಾಹಿತ್ಯ ತಾಣ ‘ಅವಧಿ’ ಕೂಡ ವರ್ಡ್‌ಪ್ರೆಸ್‌ನ ಉಚಿತ ಬ್ಲಾಗಾಗಿಯೇ ಆರಂಭವಾದದ್ದು. ಬರಹ ನಿಂತಿತು, ಓದುಗರು ಬಂದರು, ಸ್ವಂತ ವಿಳಾಸ ಆಮೇಲೆ ಬಂತು. ಈ ಕ್ರಮವನ್ನು ತಲೆಕೆಳಗು ಮಾಡುವುದಕ್ಕೆ ನನ್ನ ವಿರೋಧವಿದೆ.

ಮರುದಿನ ಬೆಳಗ್ಗೆ ಮೇಷ್ಟ್ರ ಮನೆಗೆ ಹೋದೆ. ಲ್ಯಾಪ್‌ಟಾಪ್ ಅವರ ಮುಂದಿಟ್ಟು, ಮೌಸ್ ಅವರ ಕೈಯಲ್ಲೇ ಇರಲಿ ಎಂದು ನನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡೆ. ನಿಧಾನವಾದರೂ ಪ್ರತಿಯೊಂದು ಗುಂಡಿಯನ್ನೂ ಅವರೇ ಒತ್ತಿದರು. ಹಿಂದೆ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದ್ದ ಒಂದು ಲೇಖನವನ್ನು ತಂದು ಅಂಟಿಸಿದಾಗ ಪುಟದ ತುಂಬ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳು ಬಂದವು. ಅದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರ, ಎಲ್ಲ ಸಾಧನಗಳಲ್ಲೂ ಕನ್ನಡ ಒಂದೇ ರೀತಿ ಕಾಣುವಂತೆ ಮಾಡುವ ಯುನಿಕೋಡ್ ಪದ್ಧತಿಗಿಂತ ಹಿಂದಿನದು. ನುಡಿ ತಂತ್ರಾಂಶದಲ್ಲಿಯೇ ಇರುವ ಪರಿವರ್ತಕದಲ್ಲಿ ಹಾಯಿಸಿದ ಮೇಲೆ ಕನ್ನಡ ಕಾಣಿಸಿತು. ಕಮ್ಮಟದಲ್ಲಿ ಹೇಳಬೇಕಾಗಿದ್ದದ್ದು ಇದನ್ನು. ಕನ್ನಡದಲ್ಲಿ ಹಳೆಯ ಕಡತಗಳನ್ನಿಟ್ಟುಕೊಂಡ ಪ್ರತಿಯೊಬ್ಬರೂ ಮುಗ್ಗರಿಸುವ ಜಾಗವಿದು, ಪ್ಲಗಿನ್‌ಗಳ ಪಟ್ಟಿಯಿಂದ ಇದಕ್ಕೆ ಪರಿಹಾರವಿಲ್ಲ.

ನೋಟ್‌ಬುಕ್ಕಿನಲ್ಲಿದ್ದ ಒಂದು ಕೆರೆಯ ಕಥೆಯನ್ನು ಅವರು ಫೋನಿಗೆ ಓದಿ ಹೇಳಿದರು. ಫೋನಿನಲ್ಲಿರುವ ಗೂಗಲ್‌ನ ಕೀಲಿಮಣೆ ಜಿಬೋರ್ಡ್‌ನ ಮೈಕ್ ಗುಂಡಿ ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗುವ ಸೌಲಭ್ಯ 2017ರಿಂದಲೇ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ‘ಕೋಡಿ’ ಎಂದದ್ದು ‘ಕೂಡಿ’ ಆಯಿತು, ‘ತೂಬು’ ಎಂದದ್ದು ‘ತುಂಬು’ ಆಯಿತು, ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ತಿದ್ದಿದರು. ಪ್ರಕಟಿಸುವ ಮೊದಲು ಒಂದು ಸಂಗತಿಗೆ ಮಾತ್ರ ನಾನು ತಡೆದೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಆ ಬರಹದ ಕೊಂಡಿಗೆ ‘ಬ್ಲಾಗ್ ಪೋಸ್ಟ್’ ಎಂದು ಯಾವ ಗುರುತೂ ಇಲ್ಲದ ಹೆಸರಿಡುತ್ತದೆ. ವರ್ಡ್‌ಪ್ರೆಸ್‌ನಲ್ಲಾದರೆ ಕೊಂಡಿಯಲ್ಲಿ ಕನ್ನಡವೇ ಇರುತ್ತದೆ, ಆದರೆ ವಾಟ್ಸ್ಆ್ಯಪ್‌ಗೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಕಂಡು ಜನ ಒತ್ತಲು ಹಿಂಜರಿಯುತ್ತಾರೆ. ಎರಡಕ್ಕೂ ಉಪಾಯ ಒಂದೇ, ಪ್ರಕಟಿಸುವ ಮುನ್ನ ಬಲಬದಿಯ ಸೆಟ್ಟಿಂಗ್‌ನಲ್ಲಿ ಕೆರೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆಯುವುದು. ಅವರು ಬರೆದರು. ಬರಹ ಪ್ರಕಟವಾಯಿತು. ಬೆಂಗಳೂರಿನಲ್ಲಿರುವ ಮಗಳಿಗೆ ಕೊಂಡಿ ಕಳುಹಿಸಿದರು, ಅವಳು ಕೂಡಲೇ ಫೋನು ಮಾಡಿ “ಅಪ್ಪಾ, ಆ ಕೆರೆಯಲ್ಲೇ ಅಲ್ಲವೇ ನಾನು ಈಜು ಕಲಿತದ್ದು?” ಎಂದಳು. ಆ ಮಾತು ಕೇಳಿದಾಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಒಂದು ಆಕ್ಷೇಪಣೆ ಬಂದೇ ಬರುತ್ತದೆ. ನಾಳೆ ಗೂಗಲ್ ಬ್ಲಾಗರ್ ಅನ್ನು ಮುಚ್ಚಿಬಿಟ್ಟರೆ ಏನು ಗತಿ? ಗೂಗಲ್‌ನವೇ ಆದ ಗೂಗಲ್ ರೀಡರ್ 2013ರಲ್ಲಿ, ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿಹೋದದ್ದು ನಿಜ, ಭಯಕ್ಕೆ ಕಾರಣವಿದೆ. ಆದರೆ ಬ್ಲಾಗರ್‌ನ ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ಒತ್ತಿದರೆ ಬರಹಗಳೆಲ್ಲ ಕಡತವಾಗಿ ಕೈಗೆ ಬರುತ್ತವೆ, ಅದನ್ನು ವರ್ಡ್‌ಪ್ರೆಸ್ ಓದಿಕೊಳ್ಳುತ್ತದೆ. ಚಿತ್ರಗಳನ್ನು ಮಾತ್ರ ಬೇರೆಯಾಗಿ ಉಳಿಸಿಕೊಂಡಿರಬೇಕು. ಅದೇ ಸ್ವಂತ ಹೋಸ್ಟಿಂಗ್‌ನ ಗತಿಯನ್ನು ನೋಡಿ. ಹಣ ಕಟ್ಟುವುದನ್ನು ಮರೆತ ವರ್ಷವೇ ತಾಣ ಮಾಯ, ಬಿಟ್ಟುಹೋದ ವಿಳಾಸವನ್ನು ಜೂಜಿನ ತಾಣದವರು ಕೊಂಡುಕೊಳ್ಳುವುದೂ ಉಂಟು. ಪಿಂಚಣಿಯಲ್ಲಿ ಬದುಕುವವರಿಗೆ ಯಾವುದು ಹೆಚ್ಚು ಅಪಾಯವೆಂದು ನೀವೇ ಯೋಚಿಸಿ. ಫೇಸ್‌ಬುಕ್ಕಿನಲ್ಲಿ ಬರೆದರೆ ಸಾಲದೇ ಎನ್ನುವವರು, ತಾವೇ ನಾಲ್ಕು ವರ್ಷದ ಹಿಂದೆ ಹಾಕಿದ ಒಂದು ಬರಹವನ್ನು ಅಲ್ಲಿ ಹುಡುಕಿ ತೆಗೆಯಲು ಪ್ರಯತ್ನಿಸಲಿ. ಬ್ಲಾಗಿನಲ್ಲಿ ವರ್ಷ, ತಿಂಗಳ ಪ್ರಕಾರ ಎಲ್ಲವೂ ಬದಿಯಲ್ಲಿಯೇ ಸಾಲಾಗಿ ಇರುತ್ತದೆ.

ಸಹಾಯ ಮಾಡಲು ಹೊರಡುವ ಗೆಳೆಯರಿಗೆ ನನ್ನದೊಂದು ಗಟ್ಟಿಯಾದ ಕೋರಿಕೆಯಿದೆ. ಖಾತೆಯನ್ನು ಬರೆಯುವವರ ಜಿಮೇಲ್‌ನಲ್ಲಿಯೇ ತೆರೆಯಿರಿ, ನಿಮ್ಮದರಲ್ಲಿ ಬೇಡ. ಅಣ್ಣನ ಮಗ ತೆರೆದುಕೊಟ್ಟ, ಅವನು ಅಮೆರಿಕಕ್ಕೆ ಹೋದ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಎಂದು ನಿಂತುಹೋದ ಬ್ಲಾಗುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಪಾಸ್‌ವರ್ಡ್ ಮರೆತರೆ ಮರಳಿ ಪಡೆಯಲು ಅವರದೇ ಫೋನ್ ಸಂಖ್ಯೆ ಅದರಲ್ಲಿರಲಿ. ನೀವು ಕೈಜೋಡಿಸಲೇಬೇಕಿದ್ದರೆ ನಿಮ್ಮ ಮಿಂಚಂಚೆಯನ್ನು ಸಹಲೇಖಕರಾಗಿ ಸೇರಿಸಿಕೊಳ್ಳುವ ಅವಕಾಶ ಬ್ಲಾಗರ್‌ನಲ್ಲಿದೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇಂಥ ನೋಟ್‌ಬುಕ್ಕು ಇಟ್ಟುಕೊಂಡವರಿದ್ದರೆ ನನಗೆ ಮೆಸೇಜ್ ಮಾಡಿ. ತುಮಕೂರು, ತಿಪಟೂರು, ಶಿರಾ ಕಡೆಗಾದರೆ ನಾನೇ ಬರುತ್ತೇನೆ, ದೂರದವರಿಗೆ ವಿಡಿಯೊ ಕರೆಯಲ್ಲಿ ಹೇಳಿಕೊಡುತ್ತೇನೆ. ಜಿಮೇಲ್ ಖಾತೆ ಮತ್ತು ಬರೆಯಬೇಕೆಂದಿರುವ ಮೊದಲ ಪುಟ ಸಿದ್ಧವಿರಲಿ, ಎಟಿಎಂ ಕಾರ್ಡ್ ಬೀರುವಿನಲ್ಲಿಯೇ ಇರಲಿ.