ಆತಿಥೇಯ ತಂಡದ ಆತಿಥ್ಯ

ಸ್ವಂತ ಅಂಗಳದಲ್ಲಿ ಆಡುವವರನ್ನು ‘ಆತಿಥೇಯ ತಂಡ’ ಎಂದೂ ಹೊರಗಿನಿಂದ ಬಂದವರನ್ನು ‘ಪ್ರವಾಸಿ ತಂಡ’ ಎಂದೂ ಕರೆಯುವುದು ನಮ್ಮ ಪತ್ರಿಕೆಗಳ ಕ್ರೀಡಾಪುಟದ ರೂಢಿ. ಈ ಎರಡು ಪದಗಳನ್ನು ಮೊದಲು ಟಂಕಿಸಿದ ಉಪಸಂಪಾದಕರು ಯಾರೇ ಆಗಿರಲಿ, ಅವರು ಸಜ್ಜನರಾಗಿದ್ದರೆಂದೂ ಯುರೋಪಿನ ಫುಟ್‌ಬಾಲ್ ಕ್ರೀಡಾಂಗಣವೊಂದಕ್ಕೆ ಎದುರು ತಂಡದ ಅಭಿಮಾನಿಯಾಗಿ ಎಂದೂ ಹೋಗಿರಲಿಲ್ಲವೆಂದೂ ಧೈರ್ಯವಾಗಿ ಹೇಳಬಹುದು. ಹಾಗೆಂದು ತಪ್ಪು ನಮ್ಮವರದೊಂದೇ ಅಲ್ಲ. ಇಟಲಿಯ ಕ್ರೀಡಾಂಗಣಗಳಲ್ಲಿ ಎದುರು ತಂಡದವರನ್ನು ಕೂಡಿಹಾಕುವ ಮೂಲೆಗೆ ‘ಸೆತ್ತೋರೆ ಓಸ್ಪಿತಿ’, ಅಂದರೆ ಅತಿಥಿಗಳ ವಿಭಾಗ, ಎಂದೇ ಹೆಸರು. ಜರ್ಮನರು ಅದನ್ನು ‘ಗೆಸ್ಟೆಬ್ಲಾಕ್’ ಎನ್ನುತ್ತಾರೆ. ಅದರ ಅರ್ಥವೂ ಅದೇ. ಈ ವಿಷಯದಲ್ಲಿ ಇಂಗ್ಲಿಷರಷ್ಟು ಪ್ರಾಮಾಣಿಕರು ಬೇರೆ ಇಲ್ಲ. ಅವರ ಭಾಷೆಯಲ್ಲಿ ಬಂದವನು ಅತಿಥಿಯಲ್ಲ, ‘ಅವೇ’ (away). ಎಂದರೆ ದೂರದವನು, ಸಾಧ್ಯವಾದರೆ ದೂರದಲ್ಲೇ ಇರಬೇಕಾದವನು.

ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಈ ದೂರದವನಿಗಾಗಿ 3,000 ಆಸನಗಳು ಅಥವಾ ಕ್ರೀಡಾಂಗಣದ ಸಾಮರ್ಥ್ಯದ ಶೇ 10ರಷ್ಟು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ತೆಗೆದಿಡಬೇಕೆಂಬ ನಿಯಮವಿದೆ. 2016ರಿಂದ ಅವನ ಟಿಕೆಟ್ಟಿನ ಬೆಲೆ 30 ಪೌಂಡ್ ಮೀರುವಂತಿಲ್ಲ. ಇಷ್ಟನ್ನೇ ಓದಿದವರಿಗೆ ಇದೇನೋ ಔದಾರ್ಯವೆನಿಸಬಹುದು. ಅಂಥವರು ದಯವಿಟ್ಟು ಪಂದ್ಯಗಳ ವೇಳಾಪಟ್ಟಿಯನ್ನೂ ಓದಬೇಕು. ಮೈದಾನಕ್ಕೆ ಬರುವ ಜನ ಟಿವಿ ಮುಂದೆ ಕುಳಿತುಬಿಟ್ಟಾರೆಂಬ ಭಯದಿಂದ, ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಯಾವ ಪಂದ್ಯವನ್ನೂ ನೇರ ಪ್ರಸಾರ ಮಾಡಬಾರದೆಂಬ ಕಟ್ಟಳೆ ಬ್ರಿಟನ್ನಿನಲ್ಲಿ ದಶಕಗಳಿಂದ ಇದೆ. ಆದರೆ ಪ್ರಸಾರದಿಂದ ಬರುವ ಹಣವನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಆದ್ದರಿಂದ ಟಿವಿಗೆ ಬೇಕಾದ ಪಂದ್ಯಗಳನ್ನು ಶುಕ್ರವಾರ ರಾತ್ರಿಗೋ, ಭಾನುವಾರ ಸಂಜೆಗೋ, ಸೋಮವಾರ ರಾತ್ರಿ 8 ಗಂಟೆಗೋ ಸರಿಸಲಾಗುತ್ತದೆ. ಹೀಗೆ, ಮೈದಾನಕ್ಕೆ ಬರುವವನ ಹಿತ ಕಾಯಲೆಂದು ಹುಟ್ಟಿದ ನಿಯಮದ ಫಲವಾಗಿ, ಅವನು ಮೈದಾನಕ್ಕೆ ಬರಲಾಗದ ಹೊತ್ತನ್ನೇ ಹುಡುಕಿ ಪಂದ್ಯ ಇಡಲಾಗುತ್ತದೆ. ನ್ಯೂಕಾಸಲ್‌ನಿಂದ ಬೋರ್ನ್‌ಮತ್‌ಗೆ ರಸ್ತೆಯಲ್ಲಿ ಸುಮಾರು 560 ಕಿಲೋಮೀಟರ್. ವಾರದ ನಡುವಿನ ರಾತ್ರಿ ಹತ್ತಕ್ಕೆ ಪಂದ್ಯ ಮುಗಿದಾಗ ಆ ರಾತ್ರಿಯೇ ಅವನನ್ನು ಊರು ಮುಟ್ಟಿಸುವ ರೈಲು ಯಾವುದೂ ಉಳಿದಿರುವುದಿಲ್ಲ. ಟಿಕೆಟ್ಟಿನ ಬೆಲೆಗೆ ಮಿತಿ ಹಾಕಿದವರು ರಾತ್ರಿಯ ಉದ್ದಕ್ಕೆ ಮಿತಿ ಹಾಕಲು ಮರೆತಿದ್ದಾರೆ. ಜರ್ಮನಿಯ ಅಭಿಮಾನಿಗಳು ಸೋಮವಾರದ ಪಂದ್ಯಗಳನ್ನು ವಿರೋಧಿಸಿ ಮೈದಾನದೊಳಕ್ಕೆ ಟೆನಿಸ್ ಚೆಂಡುಗಳನ್ನು ಸುರಿದರು. 2021ರಿಂದ ಅಲ್ಲಿನ ಅಗ್ರ ಲೀಗ್ ಆದ ಬುಂಡೆಸ್‌ಲಿಗಾದ ಸೋಮವಾರದ ಪಂದ್ಯಗಳು ನಿಂತವು. ಫುಟ್‌ಬಾಲ್ ಆಡಳಿತಗಾರರಿಗೆ ಅರ್ಥವಾಗುವ ಭಾಷೆ ಟೆನಿಸ್ಸಿನದು ಎಂಬುದು ಆಗ ತಿಳಿಯಿತು.

ಹೊತ್ತು ಹೊಂದಿಸಿಕೊಂಡವನು ಇನ್ನು ಊರು ತಲುಪುವ ಬಗೆಯನ್ನು ನೋಡಬೇಕು. ವೇಲ್ಸ್‌ನ ಕಾರ್ಡಿಫ್ ಮತ್ತು ಸ್ವಾನ್ಸೀ ನಗರಗಳ ನಡುವೆ ಇರುವುದು ಸುಮಾರು 65 ಕಿಲೋಮೀಟರ್ ದಾರಿ ಮತ್ತು ಅದಕ್ಕಿಂತ ಬಹಳ ಹೆಚ್ಚಿನ ದ್ವೇಷ. ಈ ಎರಡು ತಂಡಗಳು ಎದುರಾದಾಗ ‘ಬಬಲ್’ ಎಂಬ, ಗುಳ್ಳೆಯ ಹೆಸರಿನ ಏರ್ಪಾಡು ಹಲವು ವರ್ಷ ಜಾರಿಯಲ್ಲಿತ್ತು. ಅದರ ಪ್ರಕಾರ ಎದುರು ತಂಡದ ಅಭಿಮಾನಿ ತನ್ನ ತಂಡದ ಊರಿನಲ್ಲೇ ಅಧಿಕೃತ ಬಸ್ಸನ್ನು ಹತ್ತಬೇಕು, ಪೊಲೀಸರ ಬೆಂಗಾವಲಿನಲ್ಲಿ ಕ್ರೀಡಾಂಗಣದ ಬಾಗಿಲಿಗೇ ಬಂದಿಳಿಯಬೇಕು, ಪಂದ್ಯ ಮುಗಿದೊಡನೆ ಅದೇ ಬಸ್ಸಿನಲ್ಲಿ ಹಿಂದಿರುಗಬೇಕು. ಕಾರಿನಲ್ಲಿ ಬರುವಂತಿಲ್ಲ, ರೈಲಿನಲ್ಲಿ ಬರುವಂತಿಲ್ಲ, ನಡೆದು ಬರುವಂತೂ ಇಲ್ಲ. ಈಗ ಉದ್ಯೋಗದ ಕಾರಣಕ್ಕೆ ಕಾರ್ಡಿಫ್ ಕ್ರೀಡಾಂಗಣದ ಹಿಂದಿನ ಬೀದಿಯಲ್ಲೇ ಮನೆ ಮಾಡಿಕೊಂಡಿರುವ ಒಬ್ಬ ಸ್ವಾನ್ಸೀ ಅಭಿಮಾನಿಯನ್ನು ಊಹಿಸಿಕೊಳ್ಳಿ. ಅವನು ಬೆಳಗ್ಗೆ ಎದ್ದು, ತನ್ನ ಕಿಟಕಿಯಿಂದ ಕಾಣುವ ಆ ಕ್ರೀಡಾಂಗಣಕ್ಕೆ ಬೆನ್ನು ಹಾಕಿ 65 ಕಿಲೋಮೀಟರ್ ದೂರದ ಸ್ವಾನ್ಸೀಗೆ ಹೋಗಬೇಕು. ಅಲ್ಲಿ ಬಸ್ಸು ಹತ್ತಿ ಮತ್ತೆ 65 ಕಿಲೋಮೀಟರ್ ಬಂದು ತನ್ನ ಮನೆಯ ಹಿಂದೆ ಇಳಿಯಬೇಕು. ಆಟ ಮುಗಿದ ಮೇಲೆ, ಮನೆಯಲ್ಲಿ ದೀಪ ಹತ್ತಿರುವುದು ಕಣ್ಣಿಗೆ ಕಾಣುತ್ತಿರುವಾಗಲೇ, ಬಸ್ಸಿನಲ್ಲಿ ಕುಳಿತು ಸ್ವಾನ್ಸೀಗೆ ಮರಳಿ, ಅಲ್ಲಿಂದ ತನ್ನ ಸ್ವಂತ ಖರ್ಚಿನಲ್ಲಿ ಮನೆಗೆ ಬರಬೇಕು. ಮೈಲಾರಕ್ಕೆ ಹೋದವನು ಕಂಬಳಿ ಕಳೆದುಕೊಂಡು ಬಂದನೆಂದು ನಗುವವರಿದ್ದಾರೆ. ಇವನು ಮನೆಯಲ್ಲೇ ಇದ್ದವನು; ಕಳೆದುಕೊಂಡದ್ದು ಒಂದಿಡೀ ಭಾನುವಾರ.

ಫ್ರಾನ್ಸ್ ದೇಶ ಇದಕ್ಕಿಂತ ತಾತ್ವಿಕವಾದದ್ದು. 2011ರ ಒಂದು ಕಾನೂನು ಅಲ್ಲಿನ ಜಿಲ್ಲಾ ಆಡಳಿತಾಧಿಕಾರಿಗಳಿಗೆ, ಪಂದ್ಯದ ದಿನ ಎದುರು ತಂಡದವರು ಊರಿನ ಇಂತಿಂಥ ಬೀದಿಗಳಲ್ಲಿ ಓಡಾಡದಂತೆ ತಡೆಯುವ ಅಧಿಕಾರ ಕೊಟ್ಟಿದೆ. ಯಾರನ್ನು ತಡೆಯಬೇಕೆಂಬ ಪ್ರಶ್ನೆಗೆ ಕಾನೂನಿನ ಉತ್ತರ ಹೀಗಿದೆ: ಒಂದು ತಂಡದ ಅಭಿಮಾನಿಯೆಂದು ಹೇಳಿಕೊಳ್ಳುವವರನ್ನು, ಅಥವಾ ಅಭಿಮಾನಿಯಂತೆ ವರ್ತಿಸುವವರನ್ನು. ಉಲ್ಲಂಘಿಸಿದರೆ 6 ತಿಂಗಳವರೆಗೆ ಸೆರೆವಾಸ ಮತ್ತು 30,000 ಯೂರೋವರೆಗೆ ದಂಡ. ಕಾನೂನು ಹೇಳುವ ಆ ಎರಡು ಬಗೆಗಳಲ್ಲಿ ಮೊದಲನೆಯದರಿಂದ ತಪ್ಪಿಸಿಕೊಳ್ಳುವುದು ಸುಲಭ. ಬಾಯಿ ಮುಚ್ಚಿಕೊಂಡರೆ ಆಯಿತು. ತೊಡಕಿರುವುದು ಎರಡನೆಯದರಲ್ಲಿ. ಅಭಿಮಾನಿಯಂತೆ ವರ್ತಿಸುವುದೆಂದರೆ ನಿಖರವಾಗಿ ಏನು? ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಳ್ಳುವುದು ಸಾಕ್ಷ್ಯವಾದೀತು, ಒಪ್ಪೋಣ. ಆದರೆ ತಂಡದ ಕಳೆದ ಐದು ಪಂದ್ಯಗಳ ಫಲಿತಾಂಶ ನೆನೆದು ಬೀದಿಯ ಮೂಲೆಯಲ್ಲಿ ನಿಟ್ಟುಸಿರು ಬಿಟ್ಟವನ ಗತಿಯೇನು? ರೆಫರಿಯೊಬ್ಬನ ವಂಶವನ್ನು ಮನಸ್ಸಿನಲ್ಲೇ ಎತ್ತಿ ಆಡಿದವನ ತುಟಿ ಅಲುಗಿದ್ದನ್ನು ಪೇದೆ ಗಮನಿಸಿದರೆ? ಪ್ಯಾರಿಸ್ ತಂಡದ ಭಕ್ತನೊಬ್ಬ ಪಂದ್ಯದ ದಿನ ಮಾರ್ಸೇಯ ಹಳೆಯ ಬಂದರಿನ ಬದಿಯಲ್ಲಿ ಕಾಫಿ ಕುಡಿಯಬೇಕೆಂದರೆ, ತಾನು ಯಾವುದನ್ನೂ ಪ್ರೀತಿಸದವನು ಎಂಬಂತೆ ಮುಖ ಮಾಡಿಕೊಂಡು ಕುಳಿತಿರಬೇಕು. ಇಟಲಿಯ ಅಧಿಕಾರಿಗಳಿಗೆ ಇಷ್ಟು ಸೂಕ್ಷ್ಮಕ್ಕೆ ಪುರಸೊತ್ತಿಲ್ಲ. ಅಲ್ಲಿ ಟಿಕೆಟ್ಟಿನ ಮೇಲೆ ಹೆಸರಿರಬೇಕು, ಗುರುತಿನ ಚೀಟಿ ತೋರಿಸಬೇಕು, ಮತ್ತು ಜಗಳದ ಶಂಕೆಯಿದ್ದಲ್ಲಿ ಇಂಥ ಪ್ರಾಂತದ ನಿವಾಸಿಗಳಿಗೆ ಟಿಕೆಟ್ ಮಾರಬಾರದೆಂದು ಆದೇಶ ಹೊರಡುತ್ತದೆ. ಫ್ರಾನ್ಸಿನಲ್ಲಿ ನಡತೆ ಅಪರಾಧವಾದರೆ ಇಟಲಿಯಲ್ಲಿ ವಿಳಾಸವೇ ಅಪರಾಧ.

ಇಷ್ಟನ್ನೂ ದಾಟಿ ಬಾಗಿಲಿಗೆ ಬಂದವನನ್ನು ತಡವಿ, ಜೇಬು ಬರಿದು ಮಾಡಿಸಿ, ಕೆಲವೊಮ್ಮೆ ಬೂಟನ್ನೂ ಬಿಚ್ಚಿಸಿ ಒಳಬಿಡುತ್ತಾರೆ. ಮನೆಗೆ ಬಂದವರು ಚಪ್ಪಲಿ ಬಿಚ್ಚುವುದು ಸಂಸ್ಕೃತಿಯೆಂದು ನಾವೇ ಸಮಾಧಾನ ತಂದುಕೊಳ್ಳಬೇಕು. ಬಂದವನನ್ನು ಎಲ್ಲಿ ಕೂರಿಸಬೇಕೆಂಬುದರಲ್ಲಿ ಒಂದೊಂದು ತಂಡದ್ದು ಒಂದೊಂದು ಮರ್ಯಾದೆ. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಅತಿಥಿಗಳ ಜಾಗವಿರುವುದು ಏಳನೆಯ ಹಂತದಲ್ಲಿ, 14 ಸುತ್ತು ಮೆಟ್ಟಿಲುಗಳ ಮೇಲೆ. ಅಲ್ಲಿಗೆ ಏರಿದವನು ಮೊದಲ ಹತ್ತು ನಿಮಿಷ ಯಾರನ್ನೂ ಬೈಯುವ ಸ್ಥಿತಿಯಲ್ಲಿರುವುದಿಲ್ಲವಾದ್ದರಿಂದ ಶಾಂತಿಪಾಲನೆಯ ದೃಷ್ಟಿಯಿಂದ ಇದು ಉತ್ತಮ ವ್ಯವಸ್ಥೆ. ಅಷ್ಟು ಎತ್ತರದಿಂದ ಆಟಗಾರರ ಮುಖ ಕಾಣುವುದಿಲ್ಲ, ಊರು ಮಾತ್ರ ಬಹಳ ಚೆನ್ನಾಗಿ ಕಾಣುತ್ತದೆ. ‘ಪ್ರವಾಸಿ’ ಎಂಬ ಪದ ಸಾರ್ಥಕವಾಗುವುದು ಇಲ್ಲೇ. ಲೂಟನ್ ಪಟ್ಟಣದ ಕೆನಿಲ್‌ವರ್ತ್ ರೋಡ್ ಕ್ರೀಡಾಂಗಣದ ರೀತಿ ಬೇರೆ. 1905ರಿಂದ ಅಲ್ಲಿರುವ ಈ ಅಂಗಳಕ್ಕೆ ಎದುರು ತಂಡದವರು ಓಕ್ ರೋಡ್‌ನ ಸಾಲುಮನೆಗಳ ನಡುವಿನ ಬಾಗಿಲಿನಿಂದ ನುಗ್ಗಿ, ನಿವಾಸಿಗಳ ಹಿತ್ತಿಲುಗಳ ಮೇಲೆ ಹಾದುಹೋಗುವ ಮೆಟ್ಟಿಲು ಹತ್ತಿ, ಯಾರದೋ ಒಗೆದ ಬಟ್ಟೆಗಳ ದರ್ಶನ ಮಾಡಿಕೊಂಡು ಒಳಗೆ ಬರಬೇಕು. ಇದನ್ನು ಅವಮಾನವೆಂದುಕೊಳ್ಳುವವರು ಇತಿಹಾಸ ತಿಳಿದಿರಬೇಕು. 1985ರಲ್ಲಿ ಮಿಲ್‌ವಾಲ್ ತಂಡದ ಬೆಂಬಲಿಗರು ನಡೆಸಿದ ದಾಂಧಲೆಯ ನಂತರ ಲೂಟನ್‌ನವರು 1986ರಿಂದ ನಾಲ್ಕು ಕ್ರೀಡಾಋತುಗಳ ಕಾಲ ಎದುರು ತಂಡದ ಅಭಿಮಾನಿಗಳನ್ನು ಒಳಗೇ ಬಿಡಲಿಲ್ಲ. ಅತಿಥಿಗಳನ್ನು ಹೊರಗಿಟ್ಟ ತಪ್ಪಿಗೆ ಆ ವರ್ಷ ತಂಡವನ್ನೇ ಲೀಗ್ ಕಪ್‌ನಿಂದ ಹೊರಗಿಡಲಾಯಿತು.

ಒಳಗೆ ಸೇರಿದ ಅತಿಥಿಗೆ ಒಂದು ಆಸನ ಸಿಗುತ್ತದೆ. ಅವನು ಅದರಲ್ಲಿ ಕೂರುವುದಿಲ್ಲ. ತೊಂಬತ್ತು ನಿಮಿಷವೂ ಅದರ ಮುಂದೆ ನಿಂತಿರುತ್ತಾನೆ; ಕುಳಿತುಕೊಳ್ಳಿ ಎಂದು ಧ್ವನಿವರ್ಧಕ ಕೋರುತ್ತಿರುತ್ತದೆ; ಇಬ್ಬರೂ ತಮ್ಮ ತಮ್ಮ ಕರ್ತವ್ಯದಿಂದ ಹಿಂದೆ ಸರಿಯುವುದಿಲ್ಲ. ಈ ಆಸನಗಳ ಹಿಂದೆ ನಗಲಾಗದ ಸಂಗತಿಯೊಂದಿದೆ. ಅಭಿಮಾನಿಗಳನ್ನು ಕೂಡಿಹಾಕಬೇಕಾದ ಪ್ರಾಣಿಗಳೆಂದು ಬಗೆದು ಕಟ್ಟಿದ ಕಬ್ಬಿಣದ ಬೇಲಿಗಳ ಹಿಂದೆ, 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ನೂಕುನುಗ್ಗಲಿಗೆ ಸಿಲುಕಿ ಲಿವರ್‌ಪೂಲ್ ತಂಡದ 97 ಮಂದಿ ಅಭಿಮಾನಿಗಳ ಜೀವ ಹೋಯಿತು. ತಪ್ಪು ಅವರದಲ್ಲ ಎಂದು ತೀರ್ಪು ಬರಲು 2016ರವರೆಗೆ ಕಾಯಬೇಕಾಯಿತು. ಬೇಲಿಗಳು ಹೋದವು, ಆಸನಗಳು ಬಂದವು. ಬೇಲಿ ಕಟ್ಟಿಸಿದ ಮನೋಭಾವ ಮಾತ್ರ ಸ್ಕ್ರೂ ಬಿಚ್ಚಿ ತೆಗೆಯುವಂಥದ್ದಲ್ಲ.

ಬಿಯರ್‌ನ ವಿಷಯದಲ್ಲಿ ಆ ಮನೋಭಾವವನ್ನು ಇಂದಿಗೂ ಕಾಣಬಹುದು. 1985ರ ಕಾನೂನಿನಂತೆ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ನೋಡುವವನು ಅಂಗಳ ಕಾಣುವ ಜಾಗದಲ್ಲಿ ಮದ್ಯ ಕುಡಿಯುವಂತಿಲ್ಲ. ಗೋಡೆಯ ಹಿಂದೆ, ಅಂಗಳ ಕಾಣದಲ್ಲಿ, ಕುಡಿಯಬಹುದು. ಅಂದರೆ ಅಪಾಯವಿರುವುದು ಬಿಯರ್‌ನಲ್ಲಲ್ಲ, ಫುಟ್‌ಬಾಲ್‌ನಲ್ಲೂ ಅಲ್ಲ. ಎರಡನ್ನೂ ಒಂದೇ ನೋಟದಲ್ಲಿ ಕಂಡಾಗ ಉಂಟಾಗುವ ಯಾವುದೋ ರಾಸಾಯನಿಕ ಕ್ರಿಯೆಯಲ್ಲಿ. ಅದೇ ಕ್ರೀಡಾಂಗಣದಲ್ಲಿ ಮರುದಿನ ರಗ್ಬಿ ಪಂದ್ಯ ನಡೆದರೆ ಅದೇ ಕುರ್ಚಿಯಲ್ಲಿ ಅದೇ ಮನುಷ್ಯ ಗ್ಲಾಸು ಹಿಡಿದು ಕೂರಲು ಈ ಕಾನೂನಿನ ಅಡ್ಡಿಯಿಲ್ಲ. ಚೆಂಡು ಮೊಟ್ಟೆಯಾಕಾರಕ್ಕೆ ತಿರುಗಿದೊಡನೆ ನೋಡುವವನು ಸಭ್ಯನಾಗುತ್ತಾನೆಂಬುದು ಸಂಸತ್ತಿನ ನಂಬಿಕೆ. ಹೀಗಾಗಿ ಹದಿನೈದು ನಿಮಿಷದ ವಿರಾಮದಲ್ಲಿ ಮೂರು ಸಾವಿರ ಜನ ಗೋಡೆಯ ಹಿಂದಕ್ಕೆ ಧಾವಿಸಿ, ಒಂದೂವರೆ ಗಂಟೆಯಲ್ಲಿ ನಿಧಾನವಾಗಿ ಕುಡಿಯಬಹುದಾಗಿದ್ದನ್ನು ಏಳು ನಿಮಿಷದಲ್ಲಿ ಗಂಟಲಿಗೆ ಸುರಿದುಕೊಂಡು ಹಿಂದಿರುಗುತ್ತಾರೆ. ಕಾನೂನಿನ ಉದ್ದೇಶ ಮಿತಪಾನ.

ಅತಿಥಿಗಳ ಮೂಲೆಯಲ್ಲಿ ಟಿಕೆಟ್ ಸಿಗದೆ ಆತಿಥೇಯರ ನಡುವೆ ಗುಟ್ಟಾಗಿ ಕುಳಿತವನ ಪಾಡಿನ ಮುಂದೆ ಇವೆಲ್ಲ ಏನೂ ಅಲ್ಲವೆಂದು ನನ್ನ ಅಭಿಪ್ರಾಯ. ತವರು ಅಭಿಮಾನಿಗಳ ವಿಭಾಗದಲ್ಲಿ ಎದುರು ತಂಡಕ್ಕೆ ಬೆಂಬಲ ತೋರಿದವರನ್ನು ಹೊರಹಾಕಲಾಗುವುದೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇವನು ಬಣ್ಣವಿಲ್ಲದ ಅಂಗಿ ತೊಟ್ಟು, ಸುತ್ತಲಿನವರು ಎದ್ದಾಗ ಎದ್ದು, ಕೂತಾಗ ಕೂತು, ತನ್ನದೇ ತಂಡದ ನಾಯಕನನ್ನು ಅವರೊಡನೆ ಸೇರಿ ಬೈದು, ಎಂಬತ್ತೊಂಬತ್ತು ನಿಮಿಷ ಮಾನ ಉಳಿಸಿಕೊಂಡಿರುತ್ತಾನೆ. ಆಗ ಅವನ ತಂಡ ಗೋಲು ಹೊಡೆಯುತ್ತದೆ. ನಾಲ್ಕು ನೂರು ಕಿಲೋಮೀಟರ್ ಬಂದದ್ದು ಈ ಒಂದು ಕ್ಷಣಕ್ಕಾಗಿ. ಅವನು ಈಗ ತಲೆ ತಗ್ಗಿಸಬೇಕು. ಪಕ್ಕದವನ ದುಃಖಕ್ಕೆ ತಲೆದೂಗಬೇಕು. ಹುಬ್ಬು ಗಂಟಿಕ್ಕಬೇಕು, ಆದರೆ ಕೆನ್ನೆ ಮಾತು ಕೇಳುವುದಿಲ್ಲ. ಕೆಲವರು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ ಮೊಣಕಾಲಿನ ಸಂದಿಯಲ್ಲಿ ಮುಖವಿಟ್ಟು ನಗುತ್ತಾರೆ, ಕೆಲವರು ಕೆಮ್ಮುತ್ತಾರೆ, ಪಳಗಿದವರು ಆಕಾಶ ನೋಡುತ್ತಾರೆ. ಇಷ್ಟೆಲ್ಲ ಸಾಧನೆ ಮಾಡಿದವನು ಗುಹೆಯಲ್ಲಿ ಕುಳಿತಿದ್ದರೆ ಜನ ಅಡ್ಡಬೀಳುತ್ತಿದ್ದರು. ಇಲ್ಲಿ ಅಂಥವನ ತುಟಿಯ ಅಂಚು ಒಂದು ಗೆರೆಯಷ್ಟು ಮೇಲೇರಿದರೂ ಹೆಗಲ ಮೇಲೆ ಕಾವಲುಗಾರನ ಕೈ ಬೀಳುತ್ತದೆ. ಸಂತೋಷಪಟ್ಟ ತಪ್ಪಿಗೆ ಹೊರನಡೆದವನು ಟಿಕೆಟ್ಟಿನ ಹಣವನ್ನು ಮರಳಿ ಕೇಳುವಂತಿಲ್ಲ. ಸಂತೋಷವಂತೂ ಅವನಿಗೆ ಸಿಕ್ಕಿತ್ತಲ್ಲ.

ಅತಿಥಿಯೇ ಬೇಡವೆಂಬ ತೀರ್ಮಾನಕ್ಕೆ ಬಂದ ದೇಶ ಅರ್ಜೆಂಟೀನಾ. 2013ರಲ್ಲಿ ಲಾ ಪ್ಲಾಟಾ ನಗರದಲ್ಲಿ ಎದುರು ತಂಡದ ಅಭಿಮಾನಿಯೊಬ್ಬ ಪೊಲೀಸರ ರಬ್ಬರ್ ಗುಂಡಿಗೆ ಬಲಿಯಾದ. ಇದಕ್ಕೆ ಪರಿಹಾರವಾಗಿ ಕೈಬಿಟ್ಟದ್ದು ಗುಂಡುಗಳನ್ನಲ್ಲ, ಎದುರು ತಂಡದ ಅಭಿಮಾನಿಗಳನ್ನು. 2018ರಲ್ಲಿ ಬ್ಯೂನಸ್ ಐರಿಸ್‌ನ ಬೋಕಾ ಜೂನಿಯರ್ಸ್ ಮತ್ತು ರಿವರ್ ಪ್ಲೇಟ್ ತಂಡಗಳು ದಕ್ಷಿಣ ಅಮೆರಿಕದ ಕ್ಲಬ್‌ಗಳ ಪಂದ್ಯಾವಳಿಯಾದ ಕೋಪಾ ಲಿಬರ್ತದೋರೆಸ್ ಫೈನಲ್‌ನಲ್ಲಿ ಎದುರಾದಾಗಲೂ, ಎರಡೂ ಕಡೆಯ ಪಂದ್ಯಗಳಿಗೆ ತವರು ಅಭಿಮಾನಿಗಳಿಗೆ ಮಾತ್ರ ಪ್ರವೇಶವೆಂದಾಯಿತು. ನವೆಂಬರ್ 24ರಂದು ರಿವರ್ ಪ್ಲೇಟ್ ಅಂಗಳದ ಬಳಿ ನೆರೆದವರಿಗೆ ಕಲ್ಲು ಹೊಡೆಯಲು ಎದುರು ಪಕ್ಷದ ಒಬ್ಬ ಅಭಿಮಾನಿಯೂ ಸಿಗಲಿಲ್ಲ. ಬೇರೆ ದಾರಿ ಕಾಣದೆ ಬೋಕಾ ಆಟಗಾರರ ಬಸ್ಸಿಗೇ ಹೊಡೆದರು. ಕೊನೆಗೆ ಡಿಸೆಂಬರ್ 9ರಂದು ಪಂದ್ಯ ನಡೆದದ್ದು ಸುಮಾರು 10,000 ಕಿಲೋಮೀಟರ್ ದೂರದ ಮ್ಯಾಡ್ರಿಡ್‌ನಲ್ಲಿ. ಸ್ಪೇನ್‌ನ ಆಳ್ವಿಕೆಯಿಂದ ಬಿಡುಗಡೆ ತಂದವರ ಹೆಸರಿನ ಕಪ್ಪನ್ನು ಸ್ಪೇನ್‌ಗೇ ಹೋಗಿ ಆಡಿ ತಂದರು. ಅಲ್ಲಿ ಎರಡೂ ತಂಡದವರನ್ನು ಒಳಬಿಡಲಾಯಿತು, ಆಟ ಮುಗಿಯಿತು, ರಿವರ್ ಪ್ಲೇಟ್ 3-1ರಿಂದ ಗೆದ್ದಿತು. ಎಲ್ಲರೂ ಅತಿಥಿಗಳೇ ಆಗಿದ್ದರಿಂದ ಆತಿಥ್ಯ ನೀಡುವವರು ಯಾರೂ ಇರಲಿಲ್ಲ; ಪಂದ್ಯ ಸುಗಮವಾಗಿ ಸಾಗಿದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಆಡಳಿತಗಾರರು ಬಹುಕಾಲದಿಂದ ಬಯಸಿದ್ದ ಅಭಿಮಾನಿ ಅವರಿಗೆ ದೊರೆತದ್ದು 2020ರಲ್ಲಿ. ಸಾಂಕ್ರಾಮಿಕದಿಂದ ಖಾಲಿಯಾದ ಕ್ರೀಡಾಂಗಣಗಳಲ್ಲಿ ಆಟ ಮತ್ತೆ ಆರಂಭವಾದಾಗ, ನಿಶ್ಶಬ್ದದಲ್ಲಿ ಆಟ ನೋಡಲು ಟಿವಿಯವರಿಗೇ ಭಯವಾಗಿ, ವಿಡಿಯೊ ಗೇಮ್‌ನ ಸಂಗ್ರಹದಿಂದ ಜನರ ಗದ್ದಲವನ್ನು ತಂದು ಪ್ರಸಾರಕ್ಕೆ ಬೆರೆಸಿದರು. ಜರ್ಮನಿಯ ಮಾಂಶೆನ್‌ಗ್ಲಾಡ್‌ಬಾಖ್‌ನಲ್ಲಿ ಅಭಿಮಾನಿಗಳು ಹಣ ಕೊಟ್ಟು ತಮ್ಮ ಭಾವಚಿತ್ರದ ರಟ್ಟಿನ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದರು. ರಟ್ಟಿನವನು ಬಿಯರ್ ಕೇಳಲಿಲ್ಲ. ಕಡೆಯ ರೈಲಿನ ಚಿಂತೆ ಅವನಿಗಿರಲಿಲ್ಲ, ಅವನ ಜೇಬು ತಡವಬೇಕಾಗಿರಲಿಲ್ಲ, ಮೆಟ್ಟಿಲನ್ನು ಬೇರೆಯವರೇ ಹತ್ತಿಸಿದರು, ಗೋಲು ಬಿದ್ದಾಗ ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಮಳೆ ಬಂದಾಗ ಮಾತ್ರ ತುಸು ಬಾಗುತ್ತಿದ್ದ. ಮರುವರ್ಷ ಬಾಗಿಲುಗಳು ತೆರೆದವು, ಮೂಳೆ ಮಾಂಸದವರು ಸ್ಕಾರ್ಫ್ ಸುತ್ತಿಕೊಂಡು ಬಂದರು, ಅವರಿಂದ ಬೂಟು ಬಿಚ್ಚಿಸಲು ಕಾವಲುಗಾರರು ಮತ್ತೆ ಸಾಲಾಗಿ ನಿಂತರು.