ಟಕ್ ಅಂದ ಮಾತ್ರಕ್ಕೆ ಗಾಜು ಒಡೆಯಲ್ಲ

ಉಪ್ಪುನೀರಿನ ಅಕ್ವೇರಿಯಂಗೆ ಮ್ಯಾಂಟಿಸ್ ಸೀಗಡಿ (ಮುಂಗಾಲಿನಿಂದ ಬೇಟೆಗೆ ಹೊಡೆಯುವ, ಸೀಗಡಿಯಂಥ ಕಡಲಜೀವಿ) ಹೊಕ್ಕರೆ ಗಾಜು ಪುಡಿಪುಡಿ, ಮೀನು-ಹವಳ ಎಲ್ಲ ಖಲಾಸ್. ಇಂಥದೊಂದು ಫಾರ್ವರ್ಡ್ ಆಗಾಗ ಸುತ್ತುತ್ತಿರುತ್ತದೆ. ಓದಿ ಹೆದರಿದವರದ್ದು ತಪ್ಪಲ್ಲ, ಅದರಲ್ಲಿ ಒಂದೆಳೆ ನಿಜವೂ ಇದೆ.

ಮ್ಯಾಂಟಿಸ್ ಸೀಗಡಿಗಳಲ್ಲಿ ಗುದ್ದುವ ಬಗೆ, ಚುಚ್ಚುವ ಬಗೆ ಅಂತ ಎರಡು. ಗುದ್ದುವ ನವಿಲು ಮ್ಯಾಂಟಿಸ್ ಸುಮಾರು 18 ಸೆಂ.ಮೀ. ಬೆಳೆಯುತ್ತದೆ. ಅದರ ಏಟಿನ ವೇಗ ಸೆಕೆಂಡಿಗೆ 23 ಮೀಟರ್‌ವರೆಗೂ ದಾಖಲಾಗಿದೆ. ಇಷ್ಟು ದೊಡ್ಡದು ತೆಳು ಗಾಜನ್ನು ಒಡೆಯಬಹುದು, ಆದರೆ ಅದು ಅಪರೂಪ. ಲೈವ್ ರಾಕ್‌ನ (ಜೀವಿಗಳ ಸಮೇತ ತೊಟ್ಟಿಗೆ ಹಾಕುವ ಕಡಲ ಕಲ್ಲು) ಸಂದಿಯಲ್ಲಿ ಅಡಗಿ ಮನೆಗೆ ಬರುವವು ಹೆಚ್ಚಾಗಿ ಬೆರಳುದ್ದವೂ ಇರಲ್ಲ. ನಮ್ಮ ಮಂಗಳೂರು, ಮಲ್ಪೆ ಕಡೆ ಟ್ರಾಲ್ ಬಲೆಗೆ ರಾಶಿಗಟ್ಟಲೆ ಬೀಳುವವು ಬಹುತೇಕ ಚುಚ್ಚುವ ಬಗೆಯವೇ.

ಹವಳ ಇದರ ಊಟವೇ ಅಲ್ಲ. ಬಿಲ ಮಾಡುವಾಗ ಸಡಿಲ ತುಂಡುಗಳನ್ನು ಎಳೆದಾಡಬಹುದು, ಅಷ್ಟೇ. ಏಡಿ, ಬಸವನಹುಳು, ಸಣ್ಣ ಮೀನುಗಳಿಗೆ ಮಾತ್ರ ಅಪಾಯ ಇದ್ದೇ ಇದೆ. ಅದಕ್ಕೇ ಬೇರೆ ತೊಟ್ಟಿ ವಾಸಿ.

ರಾತ್ರಿ ತೊಟ್ಟಿಯಿಂದ 'ಟಕ್' ಅಂತ ಕೇಳಿಸಿತಾ? ಅದು ಮ್ಯಾಂಟಿಸ್‌ನ ಏಟೇ ಆಗಬೇಕಿಲ್ಲ, ಕೊಂಡಿ ಬಡಿದು ಸದ್ದು ಮಾಡುವ ಪಿಸ್ತೂಲ್ ಸೀಗಡಿಯೂ ಇರಬಹುದು. ದೀಪ ಆರಿಸಿ ಕೆಂಪು ಬೆಳಕಿನ ಟಾರ್ಚ್ ಬಿಟ್ಟು ನೋಡಿ. ಒಂದು ಕೊಂಡಿ ಮಾತ್ರ ಭಾರಿ ದಪ್ಪ ಇದ್ದರೆ ಪಿಸ್ತೂಲ್. ಕಡ್ಡಿಯ ತುದಿಯಲ್ಲಿಟ್ಟಂಥ ಕಣ್ಣು ಒಂದೊಂದು ದಿಕ್ಕಿಗೆ ತಿರುಗುತ್ತಿದ್ದರೆ, ಮುಂಗಾಲು ಮಡಚಿಕೊಂಡಿದ್ದರೆ ಮ್ಯಾಂಟಿಸ್.

ಮ್ಯಾಂಟಿಸ್ ಗಾಜು ಒಡೆಯಿತು ಅನ್ನುವ ವಿಡಿಯೊ ಬಂದರೆ, ಗಾಜು ಒಡೆಯುವ ಕ್ಷಣ ಅದರಲ್ಲಿ ನಿಜವಾಗಿಯೂ ಕಾಣುತ್ತದಾ ಅಂತ ಮೊದಲು ನೋಡಿ. ಆಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಇಮೇಜ್ ಸರ್ಚ್‌ಗೆ ಹಾಕಿ. ಹಳೇ ಕ್ಲಿಪ್ ಆಗಿದ್ದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬಿಡುತ್ತದೆ.